ಅಲಾರಂ ಕೂಗುತ್ತದೆ, ಓಗೊಡುವವರು ಯಾರು?

ಕಳೆದ ಮಳೆಗಾಲದ, ತುಳುವರ ಆಟಿ ತಿಂಗಳಿನ ಒಂದು ರಾತ್ರಿ, ಗಂಟೆ ಎರಡೂವರೆ ದಾಟಿತ್ತು. ಮಂಗಳೂರಿನ ಬಿಜೈಯಲ್ಲಿ ನಾವಿರುವ ಕಟ್ಟಡದ ನೆಲಮಹಡಿಯಲ್ಲಿ ನಾಲ್ಕು ಅಂಗಡಿಗಳಿವೆ. ಅವುಗಳಲ್ಲೊಂದರ ಶಟರಿನ ಮೇಲೆ ಕೂರಿಸಿದ್ದ ಸೈರನ್ ಒಮ್ಮೆಲೇ ಬೊಬ್ಬೆ ಹೊಡೆಯತೊಡಗಿತು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಹೋಗಿದ್ದ ಕರೆಂಟು ಆಗಷ್ಟೇ ಬಂದಿತ್ತು. ಎದ್ದು ಬಾಲ್ಕನಿಗೆ ಬಂದೆ. ಎದುರಿನ ಕಟ್ಟಡದ ಎರಡು ಮೂರು ಕಿಟಕಿಗಳಲ್ಲಿ ದೀಪ ಹತ್ತಿತು. ಯಾರೋ ಪರದೆ ಸರಿಸಿ ನೋಡಿದರು, ಮತ್ತೆ ಎಳೆದುಕೊಂಡರು. ಐದು ನಿಮಿಷದೊಳಗೆ ಎಲ್ಲ ದೀಪಗಳೂ ಆರಿದವು. ಸೈರನ್ ಮಾತ್ರ ನಿಲ್ಲಲಿಲ್ಲ.

ಕೊಡೆ ಹಿಡಿದು ಕೆಳಗಿಳಿದೆ. ಕಾವಲುಗಾರ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. “ಮಳೆ ಬಂದರೆ ಅದು ಹಾಗೆಯೇ ಸರ್, ಮೊನ್ನೆಯೂ ಕೂಗಿತ್ತು” ಎಂದ. ಅಂಗಡಿಯವರ ಮೊಬೈಲ್ ನಂಬರ್ ಅವನಲ್ಲಿರಲಿಲ್ಲ. ಫಲಕದ ಮೇಲೆ ಬರೆದಿದ್ದ ನಂಬರಿಗೆ ಕರೆ ಮಾಡಿದೆ. ಅದು ಸ್ಥಿರ ದೂರವಾಣಿ, ಮುಚ್ಚಿದ ಶಟರಿನ ಒಳಗಿನಿಂದಲೇ ಅದರ ಗಂಟೆ ಕೇಳಿಸಿತು. ಬೀಗಗಳನ್ನು ಮುಟ್ಟಿ ನೋಡಿದೆ, ಭದ್ರವಾಗಿದ್ದವು. 112ಕ್ಕೆ ಕರೆ ಮಾಡಲೇ ಎಂದು ಫೋನ್ ಹಿಡಿದುಕೊಂಡು ನಿಂತೆ. ಮಳೆಗೆ ಕೂಗಿದ್ದೇ ಆದರೆ ಈ ಹೊತ್ತಿನಲ್ಲಿ ಪೊಲೀಸರನ್ನು ಸುಮ್ಮನೆ ಓಡಿಸಿದಂತಾಗುತ್ತದಲ್ಲ ಎಂಬ ಸಂಕೋಚ ಅಡ್ಡ ಬಂತು. ಮಾಡಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಬ್ಯಾಟರಿ ಮುಗಿದು, ಸ್ವರ ಕೀರಲಾಗಿ, ಅದಾಗಿಯೇ ನಿಂತಿತು.

ಮರುದಿನ ರಿಪೇರಿಯವನು ಬಂದು ಬಾಗಿಲಿನ ಸೆನ್ಸರಿನ ಮುಚ್ಚಳ ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ಒಳಗಿನ ತಾಮ್ರದ ತುದಿಗಳು ಹಸಿರುಗಟ್ಟಿದ್ದವು. ಒಂದು ಮೂಲೆಯಲ್ಲಿ ಇರುವೆಗಳು ಮೊಟ್ಟೆ ಇಟ್ಟಿದ್ದವು. ಅವನು ಸೆನ್ಸರ್ ಬದಲಿಸಲಿಲ್ಲ. ಅಂಗಡಿಯವರು ಹೇಳಿದಂತೆ ಸೈರನ್ನಿನ ವಯರನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿ ಹೋದ. ಆ ಸೈರನ್ ಇಂದಿಗೂ ಶಟರಿನ ಮೇಲೆ ಕೆಂಪಗೆ ಕುಳಿತಿದೆ. ನೋಡಿದವರಿಗೆ ಅಂಗಡಿಗೆ ಅಲಾರಂ ಇದೆ ಎಂದೇ ಅನಿಸುತ್ತದೆ.

ಆ ರಾತ್ರಿ ತಪ್ಪು ಮಾಡಿದವರು ಯಾರು ಎಂದು ಬಹಳ ಯೋಚಿಸಿದ್ದೇನೆ. ಅಂಗಡಿಯವರು ಹಣ ಕೊಟ್ಟು ಅಲಾರಂ ಹಾಕಿಸಿದ್ದರು. ಅದು ತನ್ನ ಕೆಲಸ ಮಾಡಿತು, ತಪ್ಪಾಗಿಯಾದರೂ ಮಾಡಿತು. ಕೇಳಿಸಿಕೊಂಡ ನಾವು ಐವತ್ತು ಮಂದಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಇದೇ ನಮ್ಮ ನಗರಗಳ ಭದ್ರತೆಯಲ್ಲಿರುವ ದೊಡ್ಡ ತೂತು. ಅಲಾರಂ ಅಳವಡಿಸಬೇಕೆಂದು ಹೇಳುವ ನಿಯಮಗಳು ಅಲ್ಲೊಂದು ಇಲ್ಲೊಂದು ಇವೆ. ಅದು ಕೂಗಿದಾಗ ಯಾರಿಗೆ ತಿಳಿಯಬೇಕು, ಯಾರು ಬರಬೇಕು, ಎಷ್ಟು ಹೊತ್ತಿನಲ್ಲಿ ನಿಲ್ಲಿಸಬೇಕು ಎಂದು ಹೇಳುವ ಊರಿನ ನಿಯಮ ಇಲ್ಲ.

ಕರಾವಳಿಯಲ್ಲಿ ಹಿಂದೆ ಮನೆಗಳು ಗದ್ದೆಯ ಆಚೆಗೊಂದು, ತೋಟದ ಈಚೆಗೊಂದು ಇದ್ದವು. ಅವಘಡವಾದರೆ ಅಂಗಳದ ತುದಿಯಲ್ಲಿ ನಿಂತು “ಕೂ” ಎಂದು ಕೂಗು ಹಾಕಬೇಕಿತ್ತು. ಕೇಳಿದವರು ಅಲ್ಲಿಂದಲೇ ಓಗೊಟ್ಟು, ಕತ್ತಿಯೋ ಕೊಡಪಾನವೋ ಕೈಗೆ ಸಿಕ್ಕಿದ್ದನ್ನು ಹಿಡಿದು ಬರುತ್ತಿದ್ದರು. ಕೂಗು ಯಾವ ದಿಕ್ಕಿನದು, ಯಾರ ಮನೆಯದು ಎಂದು ಎಲ್ಲರಿಗೂ ಗೊತ್ತಿತ್ತು. ಇಂದು ಕದ್ರಿ, ಬೆಂದೂರುವೆಲ್, ಮಣಿಪಾಲದ ಕಟ್ಟಡಗಳಲ್ಲಿ ಒಂದು ಗೋಡೆಯ ಆಚೆ ಇರುವವರ ಹೆಸರೂ ತಿಳಿದಿರುವುದಿಲ್ಲ. ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದು, ವಯಸ್ಸಾದ ದಂಪತಿ ಮಾತ್ರ ಉಳಿದಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. 2024ರ ಜುಲೈಯಲ್ಲಿ ಉರ್ವ ಕೋಟೆಕಣಿಯ ಮನೆಯೊಂದಕ್ಕೆ ನುಗ್ಗಿ ವೃದ್ಧ ದಂಪತಿಯ ಮೇಲೆ ಹಲ್ಲೆ ಮಾಡಿ ದೋಚಿದ ಪ್ರಕರಣ ನಗರವನ್ನೇ ನಡುಗಿಸಿತ್ತು. ಆ ಮೇಲೆ ಸೆನ್ಸರ್, ಕ್ಯಾಮೆರಾ, ಮೊಬೈಲಿಗೆ ಸಂದೇಶ ಕಳಿಸುವ ಪೆಟ್ಟಿಗೆಗಳ ಬಗ್ಗೆ ನನ್ನನ್ನು ಕೇಳಿದವರೆಷ್ಟೋ ಮಂದಿ. ಕೂಗಿದರೆ ಯಾರು ಬರುತ್ತಾರೆ ಎಂದು ಕೇಳಿದವರು ಒಬ್ಬರೂ ಇಲ್ಲ.

ಬರುವವರಿದ್ದರೆ ಏನಾಗುತ್ತದೆ ಎಂಬುದನ್ನು ಉಳ್ಳಾಲ ತಾಲ್ಲೂಕು 2025ರಲ್ಲಿ ಮೂರೇ ತಿಂಗಳೊಳಗೆ ಕಂಡಿತು. ಜನವರಿ 17ರ ಶುಕ್ರವಾರ ಹಾಡಹಗಲೇ ಕೆ.ಸಿ. ರೋಡ್‌ನಲ್ಲಿರುವ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ ಮುಸುಕುಧಾರಿಗಳು ಆಯುಧ ಹಿಡಿದು ನುಗ್ಗಿ, ಅಡವಿಟ್ಟ ಚಿನ್ನವನ್ನು ಹೊತ್ತೊಯ್ದರು. ಶಾಖೆಯ ಸಿಸಿ ಕ್ಯಾಮೆರಾಗಳು ಆಗ ದುರಸ್ತಿಯಲ್ಲಿದ್ದವು ಎಂದು ವರದಿಯಾಯಿತು. ಮಾರ್ಚ್ ಕೊನೆಯಲ್ಲಿ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ದೇರಳಕಟ್ಟೆಯಲ್ಲಿ, ಚಿನ್ನದ ಮೇಲೆ ಸಾಲ ಕೊಡುವ ಕಚೇರಿಯೊಂದರ ಬಾಗಿಲನ್ನು ರಾತ್ರಿ ಕೊರೆಯಲು ಹೊರಟವರಿದ್ದರು. ಅಲ್ಲಿ ಸೈರನ್ ಕೂಗಿದ್ದಷ್ಟೇ ಅಲ್ಲ, ಎಚ್ಚರಿಕೆ ದೂರದಲ್ಲಿದ್ದ ಸಂಸ್ಥೆಯ ನಿಯಂತ್ರಣ ಕೊಠಡಿಗೂ ಹೋಯಿತು. ಅಲ್ಲಿಂದ ಸ್ಥಳೀಯರಿಗೆ, ಪೊಲೀಸರಿಗೆ ಫೋನ್ ಬಂತು. ಇಬ್ಬರು ಸಿಕ್ಕಿಬಿದ್ದರು, ಚಿನ್ನ ಅಲ್ಲೇ ಉಳಿಯಿತು. ಮೊದಲನೆಯದು ಹಗಲು ದರೋಡೆ, ಎರಡನೆಯದು ರಾತ್ರಿ ಕಳವಿನ ಯತ್ನ, ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು ಎಂಬುದು ನಿಜ. ಆದರೂ ದೇರಳಕಟ್ಟೆಯ ರಾತ್ರಿಯಲ್ಲಿ ನಾನು ಕಾಣುವುದು ಒಂದು ಪೂರ್ತಿ ಸರಪಳಿಯನ್ನು. ಸೆನ್ಸರ್, ಸಂದೇಶ, ಆ ಸಂದೇಶ ನೋಡುತ್ತಾ ಎಚ್ಚರವಾಗಿದ್ದ ಮನುಷ್ಯ, ಅವನ ಬಳಿಯಿದ್ದ ಸರಿಯಾದ ಫೋನ್ ನಂಬರ್, ಹೊರಟು ಬಂದ ಪೊಲೀಸರು. ನಮ್ಮ ಬಿಜೈಯ ಅಂಗಡಿಯಲ್ಲಿ ಇದ್ದದ್ದು ಇದರ ಮೊದಲ ಕೊಂಡಿ ಮಾತ್ರ.

ಬರೀ ಸೈರನ್ನನ್ನು ನಂಬಿ ಕೂರುವ ಕಾಲ ಹೋಗಿದೆ. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಕಿಟಕಿಯ ಮೂಲಕ ಬ್ಯಾಂಕಿನ ಒಳಹೊಕ್ಕವರು ಅಲಾರಂ ಮತ್ತು ಕ್ಯಾಮೆರಾಗಳ ಸಂಪರ್ಕ ಕಡಿದು 17 ಕಿಲೋಗೂ ಹೆಚ್ಚು ಚಿನ್ನ ಒಯ್ದಿದ್ದರು. ಒಳ್ಳೆಯ ವ್ಯವಸ್ಥೆಯಲ್ಲಿ ಅಂಗಡಿಯ ಪೆಟ್ಟಿಗೆಗೂ ನಿಯಂತ್ರಣ ಕೊಠಡಿಗೂ ಆಗಾಗ “ಇದ್ದೇನೆ, ಇದ್ದೇನೆ” ಎಂಬ ಮಾತುಕತೆ ನಡೆಯುತ್ತಲೇ ಇರುತ್ತದೆ. ವಯರ್ ಕಡಿದು ಆ ಮಾತು ನಿಂತರೆ ಮೌನವೇ ಅಲಾರಂ ಆಗುತ್ತದೆ. ಇಂಥದ್ದು ಹಾಕಿಸಬೇಕೋ ಅಗ್ಗದ್ದು ಸಾಕೋ ಎಂಬುದು ಸದ್ಯಕ್ಕೆ ಮಾರುವವನ ಬಾಯಿ ಮತ್ತು ಕೊಳ್ಳುವವನ ಜೇಬಿಗೆ ಬಿಟ್ಟ ವಿಚಾರವಾಗಿದೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಕಳ್ಳತನದ ಕಡೆಯಿಂದ ನೋಡಿದರೆ ಅದು ಹೆಚ್ಚಾಗಿ ಕ್ಯಾಮೆರಾದ ಭಾಷೆಯಲ್ಲೇ ಮಾತನಾಡುತ್ತದೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು ಸಿಸಿ ಕ್ಯಾಮೆರಾ ಹಾಕಬೇಕು, 30 ದಿನಗಳ ದೃಶ್ಯ ಇಟ್ಟುಕೊಳ್ಳಬೇಕು ಎನ್ನುತ್ತದೆ. ಬ್ಯಾಂಕ್ ಲಾಕರ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ನಿರ್ದೇಶನ ಸ್ಟ್ರಾಂಗ್ ರೂಮಿಗೆ ಹೋಗಿಬರುವ ದಾರಿಯ ದೃಶ್ಯವನ್ನು ಕನಿಷ್ಠ 180 ದಿನ ಕಾಯ್ದಿಡಲು ಹೇಳುತ್ತದೆ. ಬ್ಯಾಂಕಿನ ನಿರ್ಲಕ್ಷ್ಯದಿಂದ ಬೆಂಕಿಯೋ ಕಳ್ಳತನವೋ ಆದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಎಂದೂ ಹೇಳುತ್ತದೆ. ಕ್ಯಾಮೆರಾ ಬೇಕು, ಆರೋಪಿಗಳನ್ನು ಹಿಡಿಯಲು ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಆದರೆ ಕ್ಯಾಮೆರಾ ಆಗಿಹೋದದ್ದನ್ನು ತೋರಿಸುತ್ತದೆ, ಅಲಾರಂ ಆಗುತ್ತಿರುವುದನ್ನು ಹೇಳುತ್ತದೆ. ಎರಡನೆಯದರ ಬಗ್ಗೆ ನಮ್ಮ ನಿಯಮಗಳು ತೀರಾ ಮಿತಭಾಷಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯೂ ಕಾವಲುಗಾರರನ್ನು ಒದಗಿಸುವ ಏಜೆನ್ಸಿಗಳ ಪರವಾನಗಿ, ತರಬೇತಿಯನ್ನು ಕುರಿತದ್ದು. ಸೆನ್ಸರ್ ಕೂರಿಸಿ, ಬಿಲ್ಲು ಕೊಟ್ಟು ಹೋಗುವವನು ಅದರ ಕಣ್ಣಿಗೆ ಬೀಳುವುದಿಲ್ಲ.

ಬೆಂಕಿಯ ಕಡೆ ನಿಯಮಗಳು ಎಷ್ಟೋ ದಟ್ಟವಾಗಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಪೂರ್ತಿ ಅಗ್ನಿ ಸುರಕ್ಷತೆಗೇ ಮೀಸಲು. 15 ಮೀಟರ್ ಅಥವಾ ಅದಕ್ಕಿಂತ ಎತ್ತರದ್ದನ್ನು ಅದು ಬಹುಮಹಡಿ ಎಂದು ಕರೆಯುತ್ತದೆ. ಆಸ್ಪತ್ರೆ, ಹೋಟೆಲ್, ಮಾಲ್, ವಸತಿ ಕಟ್ಟಡ ಹೀಗೆ ಬಳಕೆ ಮತ್ತು ಎತ್ತರ ನೋಡಿ ಎಲ್ಲಿ ಕೈಯಿಂದ ಒತ್ತುವ ಅಲಾರಂ ಸಾಕು, ಎಲ್ಲಿ ಹೊಗೆಯನ್ನು ತಾನೇ ಪತ್ತೆ ಮಾಡುವ ವ್ಯವಸ್ಥೆ ಬೇಕು ಎಂದು ವಿಂಗಡಿಸುತ್ತದೆ. ಆ ಪತ್ತೆಕಾರಕಗಳನ್ನು ಹೇಗೆ ಆರಿಸಬೇಕು, ಎಲ್ಲಿ ಕೂರಿಸಬೇಕು, ಹೇಗೆ ನಿರ್ವಹಿಸಬೇಕು ಎಂಬುದಕ್ಕೆ ಐಎಸ್ 2189 ಎಂಬ ಭಾರತೀಯ ಮಾನಕವಿದೆ. ಸಂಹಿತೆ ತಾನೇ ಕಾನೂನಲ್ಲ. ರಾಜ್ಯವೋ ಸ್ಥಳೀಯ ಸಂಸ್ಥೆಯೋ ತನ್ನ ಕಟ್ಟಡ ನಿಯಮಗಳಲ್ಲಿ ಅಳವಡಿಸಿಕೊಂಡಾಗ ಅದಕ್ಕೆ ಹಲ್ಲು ಬರುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿಯಿದೆ, ಅಗ್ನಿಶಾಮಕ ಸೇವೆ ಅದರಲ್ಲಿ 7ನೆಯದು. ಕರ್ನಾಟಕದಲ್ಲಿ ಮಾತ್ರ ಅದು 1964ರ ಅಗ್ನಿಶಾಮಕ ದಳ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರದ ಇಲಾಖೆಯ ಕೈಯಲ್ಲೇ ಇದೆ. ಪಾಂಡೇಶ್ವರ, ಕದ್ರಿ ಅಥವಾ ಉಡುಪಿಯ ಅಜ್ಜರಕಾಡಿನ ಠಾಣೆಯಿಂದ ಹೊರಡುವ ವಾಹನ ಪಾಲಿಕೆಯದೂ ಅಲ್ಲ, ನಗರಸಭೆಯದೂ ಅಲ್ಲ. ಕಟ್ಟಡಕ್ಕೆ ಪರವಾನಗಿ ಕೊಡುವುದು ಪಾಲಿಕೆ, ನಿರಾಕ್ಷೇಪಣಾ ಪತ್ರ ಕೊಡುವುದು ಅಗ್ನಿಶಾಮಕ ಇಲಾಖೆ, ಕಳ್ಳತನದ ದೂರು ಬರೆದುಕೊಳ್ಳುವುದು ಪೊಲೀಸ್ ಠಾಣೆ. ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ಕೂತ ಎರಡು ಅಲಾರಂ ಪೆಟ್ಟಿಗೆಗಳಿಗೆ ಮೂರು ಕಚೇರಿಗಳು. ಪೆಟ್ಟಿಗೆ ಕೆಟ್ಟು ಕೂತರೆ ಯಾವ ಕಚೇರಿಗೂ ಸುದ್ದಿ ಹೋಗದು.

ಕೆಟ್ಟು ಕೂತ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಣಿಪಾಲದಲ್ಲಿ ನನ್ನ ಚಿಕ್ಕಮ್ಮನ ಮನೆ 9ನೇ ಮಹಡಿಯಲ್ಲಿದೆ. ಕೆಳಗೆ ಲಿಫ್ಟಿನ ಪಕ್ಕದಲ್ಲೇ ಬೆಂಕಿಯ ಅಲಾರಮಿನ ಪ್ಯಾನೆಲ್. ಅದರಲ್ಲಿ ಹಳದಿ ದೀಪವೊಂದು ಸದಾ ಉರಿಯುತ್ತಿರುತ್ತದೆ. ದೀಪದ ಕೆಳಗೆ ‘ಫಾಲ್ಟ್’ ಎಂದು ಬರೆದಿದೆ. ಒಮ್ಮೆ ಚಿಕ್ಕಮ್ಮನಿಗೆ ತೋರಿಸಿದೆ. “ಅದು ಹಳದಿ ಅಲ್ಲವಾ ಮಗಾ, ಕೆಂಪು ಹತ್ತಿದರೆ ಮಾತ್ರ ಬೆಂಕಿಯಂತೆ, ಸೆಕ್ರೆಟರಿಯವರು ಹೇಳಿದ್ದಾರೆ” ಎಂದರು. ಆ ಹಳದಿ ದೀಪ ಹೇಳುತ್ತಿರುವುದು ಇಷ್ಟೇ: ಬೆಂಕಿ ಬಿದ್ದರೂ ನನಗೆ ಗೊತ್ತಾಗದೇ ಹೋಗಬಹುದು. ಪ್ಯಾನೆಲ್ಲಿನ ಕೆಳಗೆ ಹಗ್ಗದಿಂದ ನೇತಾಡುವ ಚೀಟಿಯಲ್ಲಿ ಕೊನೆಯ ಬಾರಿ ಪರೀಕ್ಷಿಸಿದ ತಾರೀಖು ಮೂರು ವರ್ಷ ಹಿಂದಿನದು. ಬೆಂಕಿ ಬಿದ್ದಾಗ ಮಹಡಿಗಳಲ್ಲಿ ಕೂಗಬೇಕಾದ ಹೂಟರ್‌ಗಳನ್ನು ಬಂದ್ ಮಾಡಲಾಗಿದೆ. ಕಾರಣ ಕೇಳಿದರೆ, ಮಕ್ಕಳು ಆಟಕ್ಕೆ ಅಲಾರಂ ಗುಂಡಿಯ ಗಾಜು ಒತ್ತುತ್ತಿದ್ದರಂತೆ, ಪರೀಕ್ಷೆಯ ದಿನಗಳಲ್ಲಿ ಓದುವವರಿಗೆ ತೊಂದರೆಯಾಗುತ್ತಿತ್ತಂತೆ. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ, ಬಹುಪಾಲು ಹಾಸಿಗೆಯಲ್ಲಿದ್ದ ರೋಗಿಗಳು, ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಅಲ್ಲಿ ಅಲಾರಂ ಬಂದ್ ಆಗಿತ್ತೆಂಬ ಆರೋಪ ಕೇಳಿಬಂದಿತ್ತು. ಮಣಿಪಾಲದ ಆ ಹಳದಿ ದೀಪವನ್ನು ನೋಡಿದಾಗಲೆಲ್ಲ ನನಗೆ ಆ ವಾರ್ಡುಗಳ ನೆನಪಾಗುತ್ತದೆ.

ತಗ್ಗಿನ ಮನೆಗಳ ಪಾಡು ಇನ್ನೂ ಬೇರೆ. ನಾವು ಕಟ್ಟಿಕೊಂಡಿರುವ ಒಂದೆರಡು ಮಹಡಿಯ ಸ್ವಂತ ಮನೆಗಳಲ್ಲಿ ಹೊಗೆ ಅಲಾರಂ ಇರಲೇಬೇಕೆಂದು ಯಾರೂ ಕೇಳುವುದಿಲ್ಲ. 2024ರ ಜುಲೈಯಲ್ಲಿ ಉಡುಪಿಯ ಅಂಬಲಪಾಡಿಯಲ್ಲಿ ಬೆಳಗಿನ ಜಾವ ಮನೆಗೆ ಬೆಂಕಿ ಬಿದ್ದು ದಂಪತಿ ಪ್ರಾಣ ಕಳೆದುಕೊಂಡರು. ಅಲ್ಲಿ ಏನಿದ್ದರೆ ಏನಾಗುತ್ತಿತ್ತು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ನಿದ್ದೆಯಲ್ಲಿರುವವರಿಗೆ ಹೊಗೆಯ ವಾಸನೆ ಎಚ್ಚರ ಕೊಡುತ್ತದೆಂದು ನಂಬಬಾರದು. ಹವಾನಿಯಂತ್ರಣ ಯಂತ್ರ ಹಾಕಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಮಲಗುವ ಕೋಣೆಗಳು ಹೆಚ್ಚುತ್ತಿರುವಾಗ ಬ್ಯಾಟರಿಯಿಂದ ನಡೆಯುವ ಒಂದು ಚಿಕ್ಕ ಹೊಗೆ ಅಲಾರಂ ಮಲಗುವ ಕೋಣೆಯ ಹೊರಗಿನ ಚಾವಣಿಯಲ್ಲಿ ಇರಬೇಕಾದದ್ದು ನ್ಯಾಯ.

ಬೆಂಕಿಯ ಅಲಾರಂ ಇರುವುದು ಒಳಗಿನವರಿಗಾಗಿ. ಮಲಗಿದವರನ್ನು ಎಬ್ಬಿಸಬೇಕಾದಲ್ಲಿ ಹಾಸಿಗೆಯ ತಲೆದೆಸೆಯಲ್ಲಿ ಅದರ ಸದ್ದು 75 ಡೆಸಿಬಲ್ ಇರಬೇಕೆಂದು ಮಾನಕ ಹೇಳುತ್ತದೆ. ಕಳ್ಳರ ಅಲಾರಂ ಕೂಗುವುದು ಹೊರಗಿನವರಿಗಾಗಿ, ಅದರ ಸದ್ದು ಬೀದಿಯದು. ಬೀದಿಗೆ ಬೇರೆ ಕಾನೂನಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಹತ್ತು ನಿಮಿಷ ಕೂಗಿದ ಸೈರನ್ನನ್ನು ಯಾರೂ ತಪ್ಪೆನ್ನುವುದಿಲ್ಲ. ಒಂದೂವರೆ ಗಂಟೆ ಕೂಗಿದರೆ ಅದು ಎಚ್ಚರಿಕೆಯಲ್ಲ, ಪೀಡೆ. ಬೆಂಕಿಯ ಅಲಾರಂ, ಕಳ್ಳರ ಅಲಾರಂ ಎರಡನ್ನೂ ಒಂದೇ ನಿಯಮದಿಂದ ಅಳೆಯಲು ಹೊರಟರೆ ಜನ ಬೆಂಕಿಯ ಹೂಟರ್ ಅನ್ನೂ ಬಂದ್ ಮಾಡುತ್ತಾರೆ. ನಮ್ಮಲ್ಲಿ ನಿಯಮ ಮಾಡುವವರು ಮೊದಲು ನೆನಪಿಡಬೇಕಾದ ವಿಷಯ ಇದು.

ಬೇರೆ ಊರುಗಳು ಈ ತಲೆನೋವನ್ನು ನಮಗಿಂತ ಮೊದಲೇ ಅನುಭವಿಸಿವೆ. ಅಮೆರಿಕದ ಅನೇಕ ನಗರಗಳಲ್ಲಿ ಅಲಾರಮಿಗೆ ನಗರಾಡಳಿತದ ಅನುಮತಿ ಪತ್ರ ಬೇಕು, ಮತ್ತೆ ಮತ್ತೆ ಸುಳ್ಳು ಕೂಗು ಹಾಕಿದರೆ ದಂಡ ಕಟ್ಟಬೇಕು. ಸಾಲ್ಟ್ ಲೇಕ್ ಸಿಟಿ 2000ದಲ್ಲಿ ಇನ್ನೂ ಮುಂದೆ ಹೋಗಿ, ಯಾರಾದರೂ ನೋಡಿ ಖಚಿತಪಡಿಸಿದ ಮೇಲಷ್ಟೇ ಕಳ್ಳತನದ ಅಲಾರಮಿಗೆ ಪೊಲೀಸರು ಹೊರಡುವ ಕ್ರಮ ತಂದಿತು. ಸುಳ್ಳು ಕರೆಗಳೇನೋ ವಿಪರೀತ ಇಳಿದವು, ಆದರೆ ಮೊದಲು ಹೋಗಿ ನೋಡುವ ಕೆಲಸ ಖಾಸಗಿ ಕಾವಲಿನವರ ಪಾಲಾಯಿತು. ನಮ್ಮಲ್ಲಿ ಹಾಗೆ ಹೋಗಿ ನೋಡುವ ಖಾಸಗಿ ವ್ಯವಸ್ಥೆ ಚಿನ್ನದ ವ್ಯವಹಾರದವರಿಗೆ ಬಿಟ್ಟರೆ ಮಿಕ್ಕವರಿಗೆ ಎಟಕುವಂಥದ್ದಲ್ಲ, ಆದ್ದರಿಂದ ಆ ದಾರಿ ನಮಗೆ ಹೊಂದದು. ನನಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ 2005ರ ಕಾನೂನು. ಸ್ಥಳೀಯ ಸಂಸ್ಥೆ ಒಂದು ಪ್ರದೇಶವನ್ನು ಗುರುತಿಸಿದರೆ, ಅಲ್ಲಿ ಅಲಾರಂ ಇಟ್ಟುಕೊಂಡವರು ಕೀಲಿ ಇರುವ ಇನ್ನೊಬ್ಬರ ವಿವರವನ್ನು ಕೊಡಲೇಬೇಕು. ಸೈರನ್ ಬಿಡದೆ 20 ನಿಮಿಷಕ್ಕಿಂತ ಹೆಚ್ಚು ಕೂಗಿ ನೆರೆಹೊರೆಗೆ ತೊಂದರೆಯಾದರೆ ಅಧಿಕಾರಿ ಬಂದು ನಿಲ್ಲಿಸಬಹುದು. ಯಂತ್ರಕ್ಕೆ ಒಬ್ಬ ಮನುಷ್ಯನನ್ನು ಜೋಡಿಸುವ ಈ ಉಪಾಯಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಇಂಥದ್ದನ್ನು ಇಲ್ಲಿ ತರಲು ಹೊಸ ಕಾಯ್ದೆಗೆ ಕಾಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. 1976ರ ಮಹಾನಗರ ಪಾಲಿಕೆಗಳ ಕಾಯ್ದೆ ಮಂಗಳೂರಿಗೂ, 1964ರ ಪುರಸಭೆಗಳ ಕಾಯ್ದೆ ಉಡುಪಿಗೂ ಉಪವಿಧಿಗಳನ್ನು ಮಾಡುವ ಅಧಿಕಾರ ಕೊಟ್ಟಿವೆ. ಅಂಗಡಿಗಳು ಉದ್ದಿಮೆ ಪರವಾನಗಿಗಾಗಿ ಹೇಗೂ ಪಾಲಿಕೆಯ ಬಾಗಿಲಿಗೆ ಬರುತ್ತವೆ. ಅದೇ ಅರ್ಜಿಯಲ್ಲಿ ಮೂರು ಸಾಲು ಸೇರಿಸಿದರೆ ಸಾಕು. ಅಲಾರಂ ಇದೆಯೇ? ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಕೂಗಿದರೆ ಅರ್ಧ ಗಂಟೆಯೊಳಗೆ ಕೀಲಿ ಹಿಡಿದು ಬರಬಲ್ಲ ಇಬ್ಬರು ಯಾರು? ಹೊರಗಿನ ಸೈರನ್ ನಿಗದಿತ ನಿಮಿಷಗಳ ನಂತರ ತಾನಾಗಿ ನಿಲ್ಲುವಂತಿರಬೇಕು, ಆದರೆ ದೀಪ ಮಿನುಗುತ್ತಲೇ ಇರಬೇಕು. ದಂಡವನ್ನು ಸುಳ್ಳು ಕೂಗಿಗೆ ಹಾಕುವ ಬದಲು ಸರಿಪಡಿಸದೆ ಬಿಟ್ಟದ್ದಕ್ಕೆ ಹಾಕಬೇಕು. ಬೆಂಕಿಯ ಅಲಾರಂ ತಪ್ಪಾಗಿ ಕೂಗಿದ್ದಕ್ಕೆ ಮಾತ್ರ ಎಂದಿಗೂ ದಂಡ ಬೇಡ. ದಂಡಕ್ಕೆ ಹೆದರಿ ಸ್ವಿಚ್ ಆರಿಸಿದ ಪ್ಯಾನೆಲ್‌ಗಿಂತ ದಿನಕ್ಕೊಮ್ಮೆ ತಪ್ಪಿ ಕೂಗುವ ಪ್ಯಾನೆಲ್ ಮೇಲು.

ನಿಯಮ ಇಲ್ಲಿನ ಹವೆಯನ್ನೂ ಬಲ್ಲದ್ದಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ಊರು ನಮ್ಮದು. ಸಮುದ್ರದ ಉಪ್ಪುಗಾಳಿ ತಾಮ್ರವನ್ನು ತಿನ್ನುತ್ತದೆ. ಬೆಳಕಿನ ಕಿರಣದಿಂದ ಹೊಗೆ ಪತ್ತೆ ಮಾಡುವ ಸೆನ್ಸರಿನ ಕೋಶದೊಳಗೆ ಸಣ್ಣ ಹುಳವೋ ನೀರಿನ ಆವಿಯೋ ಹೊಕ್ಕರೆ ಅದು ಹೊಗೆಯೆಂದೇ ತಿಳಿಯುತ್ತದೆ. ಮೈಶಾಖವನ್ನು ಗ್ರಹಿಸುವ ಸೆನ್ಸರಿನ ಮಸೂರದ ಮೇಲೆ ಹಲ್ಲಿ ಹರಿದರೆ ಕಳ್ಳ ಬಂದಂತೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಿಡಿಲು ಒಂದೇ ಏಟಿಗೆ ಪೆಟ್ಟಿಗೆಯನ್ನು ಸುಡಬಲ್ಲದು. ಮಳೆಗಾಲದಲ್ಲಿ ಸೊಳ್ಳೆಬತ್ತಿ, ದೇವರ ಕೋಣೆಯ ಧೂಪ, ಬಚ್ಚಲೊಲೆಯ ಹೊಗೆ ಬೇರೆ. ಹಾಗಾಗಿ ವರ್ಷಕ್ಕೊಂದು ಪರೀಕ್ಷೆಯನ್ನು ಎಲ್ಲೋ ಡಿಸೆಂಬರ್‌ನಲ್ಲಿ ಮುಗಿಸಿ ಸಹಿ ಹಾಕಿದರೆ ಉಪಯೋಗವಿಲ್ಲ. ಮೇ ಕೊನೆಯಲ್ಲಿ, ಮಾಡಿನ ಹಂಚು ಸರಿಪಡಿಸುವ ಹೊತ್ತಿಗೇ, ಸೆನ್ಸರುಗಳ ಮುಚ್ಚಳ ಬಿಚ್ಚಿ ಒರೆಸಿ ಬ್ಯಾಟರಿ ನೋಡಬೇಕು. ಮಳೆ ಹೊರಟುಹೋದ ಮೇಲೆ ಇನ್ನೊಮ್ಮೆ.

ಒಂದು ಅಪಾಯವನ್ನು ಮರೆಯಬಾರದು. ಯಾವ ಮನೆಗೆ ಅಲಾರಂ ಇದೆ, ಯಾರು ಮಸ್ಕತ್‌ನಲ್ಲಿದ್ದಾರೆ, ಕೀಲಿ ಯಾರ ಬಳಿಯಿದೆ ಎಂಬ ಪಟ್ಟಿ ಕಳ್ಳನ ಕೈಗೆ ಸಿಕ್ಕರೆ ಅವನಿಗೆ ಅದಕ್ಕಿಂತ ದೊಡ್ಡ ನಿಧಿಯಿಲ್ಲ. ಮನೆಗಳ ಮಟ್ಟಿಗೆ ನೋಂದಣಿಯನ್ನು ಕಡ್ಡಾಯ ಮಾಡಬಾರದು. ಬಯಸಿದವರ ವಿವರವೂ ಪೊಲೀಸ್ ನಿಯಂತ್ರಣ ಕೊಠಡಿಯಲ್ಲಿ ಮಾತ್ರ ಇರಬೇಕು, ವಾರ್ಡಿನ ವಾಟ್ಸಾಪ್ ಗುಂಪಿನಲ್ಲಲ್ಲ. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ. ತಿಳಿಸಿದ ಮಾಹಿತಿ ಎಲ್ಲಿ ಉಳಿಯುತ್ತದೆ, ಯಾವಾಗ ಅಳಿಸಲಾಗುತ್ತದೆ ಎಂದೂ ಹೇಳಿದರೆ ಜನ ಇನ್ನಷ್ಟು ಧೈರ್ಯವಾಗಿ ತಿಳಿಸುತ್ತಾರೆ.

ಪಾಲಿಕೆ ಇದನ್ನೆಲ್ಲ ಮಾಡುವವರೆಗೆ ನಮ್ಮ ಕಟ್ಟಡದಲ್ಲಿ ಎರಡು ಕೆಲಸ ಮಾಡಿದ್ದೇವೆ. ನಾಲ್ಕು ಅಂಗಡಿಗಳವರ ಮತ್ತು ಅವರ ಹತ್ತಿರದ ಒಬ್ಬೊಬ್ಬರ ಮೊಬೈಲ್ ನಂಬರುಗಳನ್ನು ಕಾವಲುಗಾರನ ಮೇಜಿನ ಖಾನೆಯಲ್ಲಿ, 112ರ ಜೊತೆಗೆ, ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇವೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ 11ಕ್ಕೆ ಬೆಂಕಿಯ ಅಲಾರಮನ್ನು ಒಂದು ನಿಮಿಷ ಕೂಗಿಸುತ್ತೇವೆ. ಮೊದಲ ಸಲ ಮೂರು ಮಹಡಿಗಳ ಹೂಟರ್ ಕೂಗಲೇ ಇಲ್ಲ, ಎರಡು ಹೂಟರ್‌ಗಳನ್ನು ಬದಲಿಸಿದ್ದೇವೆ. ಕತ್ತರಿಸಿದ ಸೈರನ್ನಿನ ಅಂಗಡಿಯವರು ಮೇ ತಿಂಗಳಲ್ಲಿ ಹೊಸ ಸೆನ್ಸರ್ ಹಾಕಿಸುವುದಾಗಿ ಹೇಳಿದ್ದಾರೆ.